ಉಳಿದಷ್ಟು ಕಣ್ಣಿನ ಚರಿತ್ರೆ

ಕಣ್ಣಿನ ವಿಷಯದಲ್ಲಿ ನಮ್ಮ ಮಾತು ಎರಡೇ ಮನೆ ಬಲ್ಲದು. ಒಬ್ಬರಿಗೆ ಕಣ್ಣು ಕಾಣುತ್ತದೆ, ಇಲ್ಲವೇ ಕಾಣುವುದಿಲ್ಲ. ಕಾಣದವರ ಬಗ್ಗೆ ನಮ್ಮಲ್ಲಿ ಮರುಕವಿದೆ, ಗೌರವವೂ ಇದೆ. ಗದಗಿನ ಪಂಚಾಕ್ಷರ ಗವಾಯಿಗಳನ್ನು, ಪುಟ್ಟರಾಜ ಗವಾಯಿಗಳನ್ನು ನೆನೆದು ಕೈಮುಗಿಯುವ ಜನ ನಾವು. ಆದರೆ ಸ್ವಲ್ಪ ಕಾಣುವ, ಬಹಳಷ್ಟು ಕಾಣದ ಮನುಷ್ಯನನ್ನು ಏನೆಂದು ಕರೆಯಬೇಕೆಂದು ನಮಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ. ‘ಮಂದದೃಷ್ಟಿ’ ಎಂಬ ಪದ ಸರ್ಕಾರಿ ಕಾಗದದಲ್ಲಿದೆ, ಮನೆಯ ಮಾತಿನಲ್ಲಿಲ್ಲ.

ಹೀಗೆ ಹೆಸರಿಲ್ಲದೆ ಉಳಿದವರು ಸಣ್ಣ ಗುಂಪೇನಲ್ಲ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರು, ಗ್ಲಾಕೋಮಾದಿಂದ ಸುತ್ತಲ ನೋಟ ಕಳೆದುಕೊಂಡವರು, ವಯಸ್ಸಾದಂತೆ ನೋಟದ ನಡುಭಾಗವೇ ಮಾಸಿಹೋದವರು, ಹುಟ್ಟಿನಿಂದಲೇ ರೆಟಿನಾದ ದೋಷವಿರುವ ಮಕ್ಕಳು, ಕಣ್ಣು ಸದಾ ಅದುರುವ ಮತ್ತು ಬೆಳಕು ತಡೆಯದ ತೊನ್ನುಬಣ್ಣದ ಮಕ್ಕಳು, ಎಲ್ಲರೂ ಇದರಲ್ಲಿ ಬರುತ್ತಾರೆ. ಇವರಿಗೆ ಕನ್ನಡಕ ಕೊಟ್ಟರೂ, ಆಪರೇಷನ್ ಮಾಡಿದರೂ ಪೂರ್ತಿ ದೃಷ್ಟಿ ಬರುವುದಿಲ್ಲ. ಆದರೆ ಉಳಿದದ್ದು ಏನೋ ಇದೆ. ಆ ಉಳಿದದ್ದನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಕಳೆದ ನೂರು ವರ್ಷದಲ್ಲಿ ಎರಡು ಉತ್ತರಗಳು ಬಂದವು. ಎರಡೂ ಒಂದಕ್ಕೊಂದು ತದ್ವಿರುದ್ಧ. ಮೊದಲನೆಯದು, ‘ಮುಟ್ಟಬೇಡ, ಖರ್ಚಾದೀತು.’ ಎರಡನೆಯದು, ‘ಬಳಸು, ಬಳಸಿದಷ್ಟೂ ಬರುತ್ತದೆ.’ ಮೊದಲನೆಯ ಉತ್ತರದಿಂದ ಎರಡನೆಯದಕ್ಕೆ ಜಗತ್ತು ಹೇಗೆ ಬಂತು, ನಮ್ಮ ಕಡೆ ಯಾಕೆ ತಡವಾಗಿ ಬಂತು ಎಂಬುದೇ ಈ ಬರಹ.

ನಾನು ವೈದ್ಯನಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳನ್ನು ಡೆಡ್‌ಲೈನಿಗೆ ಮುಟ್ಟಿಸುವುದು ನನ್ನ ಹೊಟ್ಟೆಪಾಡು. ಈ ಚರಿತ್ರೆಯ ಬೆನ್ನು ಹತ್ತಿದ್ದು ನಮ್ಮ ಕಾಕಾನ ಒಂದು ಪ್ರಶ್ನೆಯಿಂದ.

ಕಾಕಾನ ಪ್ರಶ್ನೆ

ಕಾಕಾ ಎಂದರೆ ನಮ್ಮ ಅಪ್ಪನ ಕೊನೆಯ ತಮ್ಮ. ಧಾರವಾಡ ಸೀಮೆಯ ಹಳ್ಳಿ. ಏಳನೇ ಇಯತ್ತೆಯವರೆಗೂ ತರಗತಿಯಲ್ಲಿ ಮುಂದಿದ್ದ ಹುಡುಗನಿಗೆ ಹಲಗೆಯ ಮೇಲಿನ ಅಕ್ಷರ ಕಾಣದಾಯಿತು. ಪುಸ್ತಕವನ್ನು ಮೂಗಿಗೆ ಹತ್ತಿಸಿ ಓದತೊಡಗಿದ. ಪೇಟೆಯ ಡಾಕ್ಟರು ಕನ್ನಡಕ ಬದಲಿಸಿ ನೋಡಿದರು, ಹತ್ತಲಿಲ್ಲ. ‘ಇದಕ್ಕೆ ಮದ್ದಿಲ್ಲ, ಇದ್ದ ಕಣ್ಣು ಕಾಪಾಡಿಕೊಳ್ಳಲಿ, ಓದಿಸಬೇಡಿ’ ಎಂದರು. 1973ರ ಸುಮಾರು. ‘ಪುಸ್ತಕ ಮೂಗಿಗೆ ಹಚ್ಚಬ್ಯಾಡ, ಇದ್ದ ಕಣ್ಣೂ ಸವೀತಾವ’ ಎಂದು ಅಜ್ಜಿ ಪುಸ್ತಕ ಕಸಿದಿಟ್ಟಳು. ಎಂಟನೆಯ ಇಯತ್ತೆಗೆ ಹೆಸರು ಹಚ್ಚಲಿಲ್ಲ. ಕಾಕಾ ಮನೆಯ ಹಿಟ್ಟಿನ ಗಿರಣಿಗೆ ಕೂತ.

ಊರಿನ ಜನಕ್ಕೆ ಅವನ ಕಣ್ಣು ಒಗಟಾಗಿತ್ತು. ಎದುರಿಗೆ ಬಂದವರ ಮುಖ ಗುರುತು ಹಿಡಿಯುವುದಿಲ್ಲ, ಆದರೆ ಸಂದಿಯಲ್ಲಿ ಯಾರಿಗೂ ಢಿಕ್ಕಿ ಹೊಡೆಯದೆ ನಡೆಯುತ್ತಾನೆ. ಕಾಗದ ಓದಲಾರ, ಆದರೆ ಮೂಲೆಯಲ್ಲಿ ಇಲಿ ಓಡಿದ್ದು ಅವನಿಗೇ ಮೊದಲು ಕಾಣುತ್ತದೆ. ‘ನಾಟಕ ಮಾಡ್ತಾನ’ ಎಂದರು ಕೆಲವರು. ನಮಸ್ಕಾರ ಹೇಳದೆ ಮುಂದೆ ಹೋದನೆಂದು ‘ಸೊಕ್ಕು’ ಎಂದರು ಇನ್ನು ಕೆಲವರು. ಯಾರನ್ನು ನೋಡಬೇಕಾದರೂ ಕತ್ತು ಓರೆ ಮಾಡಿ ಪಕ್ಕಕ್ಕೆ ನೋಡುತ್ತಿದ್ದ. ‘ಮಾತಾಡುವಾಗ ನೆಟ್ಟಗೆ ನೋಡು’ ಎಂದು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

2012ರಲ್ಲಿ ಬೇರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದಿದ್ದ ಕಾಕಾನನ್ನು ಅಲ್ಲಿನ ಒಂದು ಕಣ್ಣಾಸ್ಪತ್ರೆಯ ಮಂದದೃಷ್ಟಿ ವಿಭಾಗಕ್ಕೆ ಕರೆದೊಯ್ದೆ. ಎರಡೂ ಕಣ್ಣಿನ ರೆಟಿನಾದ ನಡುಭಾಗ ಹದಿಹರೆಯದಲ್ಲೇ ಹಾಳಾಗಿದೆ, ಸುತ್ತಲ ಭಾಗ ಚೆನ್ನಾಗಿದೆ ಎಂದರು. ಓರೆನೋಟ ದುರಭ್ಯಾಸವಲ್ಲ, ಅವನ ಮಿದುಳು ತಾನೇ ಕಂಡುಕೊಂಡ ಸರಿಯಾದ ಉಪಾಯ ಎಂದರು. ಅದನ್ನೇ ಇನ್ನಷ್ಟು ಸ್ಥಿರಗೊಳಿಸುವುದನ್ನು ಕಲಿಸಿದರು. ಎತ್ತರದ ಪವರಿನ ಕನ್ನಡಕ ಹಾಕಿಸಿ, ಕಾಗದವನ್ನು ಕಣ್ಣಿನಿಂದ ಹತ್ತು ಸೆಂಟಿಮೀಟರ್ ದೂರಕ್ಕೆ ತಂದು, ಪಕ್ಕದಿಂದ ದೀಪ ಬಿಟ್ಟರು. ಕಾಕಾ ಒಂದೊಂದೇ ಪದ ಓದಿದ. ಹೊರಗೆ ಬಂದು ಚಹಾ ಕುಡಿಯುವಾಗ ಕೇಳಿದ: ‘ತಮ್ಮಾ, ಇದು ಆವಾಗ ಇದ್ದಿಲ್ಲೇನು?’

ಆ ಪ್ರಶ್ನೆಗೆ ಆಗ ನನ್ನ ಬಳಿ ಉತ್ತರವಿರಲಿಲ್ಲ. ಹುಡುಕಿದ ಮೇಲೆ ಸಿಕ್ಕಿದ್ದು ಇದು.

ಗಾಜು ಹಳೆಯದು, ಚಾರ್ಟು ಅರ್ಧ

ಮೊದಲು ಗಾಜಿನ ಮಾತು. ಕನ್ನಡಕ ಹುಟ್ಟಿದ್ದು ಇಟಲಿಯಲ್ಲಿ, 13ನೇ ಶತಮಾನದ ಕೊನೆಯ ಭಾಗದಲ್ಲಿ. ನಲವತ್ತು ದಾಟಿದವರ ಹತ್ತಿರದ ನೋಟಕ್ಕೆ ಮಾಡಿದ ಉಬ್ಬುಗಾಜು ಅದು. ನಮ್ಮ ಕಡೆ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರೇ ಬಿದ್ದದ್ದು ಈ ನಲವತ್ತರಿಂದ. ಕಾಕಾನಿಗೆ ಕೊಟ್ಟದ್ದೂ ಇದೇ ಜಾತಿಯ ಗಾಜು, ಪವರ್ ಮಾತ್ರ ಹೆಚ್ಚು. ಇದರ ಹಿಂದಿನ ತತ್ವ ಶಾಲೆಯ ಭೌತಶಾಸ್ತ್ರ. ಪುಸ್ತಕವನ್ನು 40 ಸೆಂಟಿಮೀಟರಿನಿಂದ 10 ಸೆಂಟಿಮೀಟರಿಗೆ ತಂದರೆ ರೆಟಿನಾದ ಮೇಲೆ ಬೀಳುವ ಅಕ್ಷರ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ರೆಟಿನಾದ ಕೆಟ್ಟ ಜಾಗವನ್ನು ದಾಟಿ ಅಕ್ಷರ ಹರಡಿಕೊಳ್ಳುತ್ತದೆ. ಆದರೆ ಅಷ್ಟು ಹತ್ತಿರದಲ್ಲಿ ಫೋಕಸ್ ಮಾಡುವ ಶಕ್ತಿ ಮಕ್ಕಳ ಕಣ್ಣಿಗಷ್ಟೇ ಇರುತ್ತದೆ. ದೊಡ್ಡವರಿಗೆ ಆ ಕೆಲಸವನ್ನು ಪ್ಲಸ್ 10 ಪವರಿನ ಗಾಜು ಮಾಡಿಕೊಡುತ್ತದೆ. ಅಂದರೆ ಹುಡುಗನಾಗಿದ್ದ ಕಾಕಾ ಪುಸ್ತಕವನ್ನು ಮೂಗಿಗೆ ಹತ್ತಿಸಿದ್ದು ಕೆಡುಕಲ್ಲ, ಯಾರೂ ಹೇಳಿಕೊಡದೆ ತಾನೇ ಕಂಡುಹಿಡಿದ ಚಿಕಿತ್ಸೆ.

ಇಲ್ಲೊಂದು ತಮಾಷೆ ಇದೆ. ಕಾಕಾನಿಗೂ ನಲವತ್ತಾದಾಗ ಹತ್ತಿರದ ಫೋಕಸ್ ಹೋಯಿತು, ಮೂಗಿಗೆ ಹಚ್ಚಿದರೂ ಕಾಣದಾಯಿತು. ಆಗ ಅವನು ಟ್ರಂಕಿನಿಂದ ತೆಗೆದದ್ದು ತೀರಿಹೋದ ಅಜ್ಜನ ಕನ್ನಡಕ. ಅಜ್ಜನಿಗೆ ಪೊರೆ ತೆಗೆದ ಮೇಲೆ ಕೊಟ್ಟ, ಸೋಡಾ ಬಾಟಲಿಯ ತಳದಂಥ ದಪ್ಪ ಗಾಜು. ಕಣ್ಣೊಳಗೆ ಕೃತಕ ಮಸೂರ ಕೂರಿಸುವ ಪದ್ಧತಿ ಬರುವ ಮುಂಚೆ ಪೊರೆ ತೆಗೆಸಿಕೊಂಡವರೆಲ್ಲ ಹಾಕುತ್ತಿದ್ದುದು ಅದನ್ನೇ, ಪವರು ಹೆಚ್ಚುಕಮ್ಮಿ ಪ್ಲಸ್ 10. ಅದನ್ನು ಹಾಕಿಕೊಂಡು ಕಾಕಾ ವರ್ಷಗಟ್ಟಲೆ ಗಿರಣಿಯ ಕರೆಂಟ್ ಬಿಲ್ಲು ಓದಿದ್ದ. ಹೈದರಾಬಾದಿನ ಪರಿಣತರು ಬರೆದುಕೊಟ್ಟದ್ದು ಬಹುಪಾಲು ಅದೇ ನಂಬರು.

ಗಾಜು ಏಳುನೂರು ವರ್ಷದಷ್ಟು ಹಳೆಯದಾದರೆ, ಅದನ್ನು ಇಂಥವರಿಗೆ ಕೊಡಬೇಕೆಂಬ ಯೋಚನೆ ಯಾಕೆ ತಡವಾಯಿತು? ಒಂದು ಕಾರಣ ಅಳತೆಗೋಲು. ಆಸ್ಪತ್ರೆಯ ಗೋಡೆಯ ಮೇಲೆ ನಾವೆಲ್ಲ ನೋಡಿರುವ ಅಕ್ಷರದ ಚಾರ್ಟನ್ನು ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ಹರ್ಮನ್ ಸ್ನೆಲೆನ್ ಪ್ರಕಟಿಸಿದ್ದು 1862ರಲ್ಲಿ. 6/60 ಎಂದರೆ, ಸಾಮಾನ್ಯ ಕಣ್ಣು 60 ಮೀಟರಿನಿಂದ ಗುರುತಿಸುವ ಅಕ್ಷರವನ್ನು ಈ ಕಣ್ಣು 6 ಮೀಟರಿಗೆ ಬಂದು ಗುರುತಿಸುತ್ತದೆ ಎಂದು ಅರ್ಥ. ಚಾರ್ಟಿನ ತಲೆಯಲ್ಲಿ ಆ ಅಳತೆಯ ಅಕ್ಷರ ಒಂದೇ ಒಂದು ಇರುತ್ತದೆ. ಎರಡನೆಯ ಸಾಲು 6/36ಕ್ಕೆ ನೆಗೆಯುತ್ತದೆ. ಕೆಳಗಿನ ಸಾಲುಗಳಲ್ಲಿ, ಅಂದರೆ ಚೆನ್ನಾಗಿ ಕಾಣುವವರ ಜಾಗದಲ್ಲಿ, ಅಕ್ಷರಗಳು ಒತ್ತೊತ್ತಾಗಿವೆ, ಮೆಟ್ಟಿಲುಗಳು ಸಣ್ಣವು. ಮೇಲಿನ ಅಕ್ಷರವೂ ಕಾಣದವನಿಗೆ ವೈದ್ಯರು ಬೆರಳು ತೋರಿಸಿ ‘ಎಷ್ಟು?’ ಎಂದು ಕೇಳಿ ಅಷ್ಟನ್ನೇ ಬರೆದುಕೊಳ್ಳುತ್ತಿದ್ದರು. ಕಾಣುವವರಲ್ಲಿ ಯಾರಿಗೆ ಎಷ್ಟು ಕಾಣುತ್ತದೆಂದು ಅಳೆಯಲು ಮಾಡಿದ ಸಾಧನ ಅದು. ಕಾಣದವರಲ್ಲಿ ಎಷ್ಟು ಉಳಿದಿದೆ ಎಂದು ಅಳೆಯಲು ಯಾರೂ ಕೇಳಿರಲಿಲ್ಲ. ಅಳತೆಯೇ ಇಲ್ಲದ ಬಾಬತ್ತಿಗೆ ಬಜೆಟ್ಟು ಸಿಗುವುದಿಲ್ಲ ಎಂಬುದು ನನ್ನ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಮಾತು.

ಈ ಕೊರತೆ ಸರಿಹೋಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1976ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಇಯಾನ್ ಬೇಯ್ಲಿ ಮತ್ತು ಜ್ಯಾನ್ ಲವೀ ಹೊಸ ಚಾರ್ಟು ಮಾಡಿದರು. ಪ್ರತಿ ಸಾಲಿನಲ್ಲೂ ಐದೈದು ಅಕ್ಷರ, ಸಾಲಿನಿಂದ ಸಾಲಿಗೆ ಒಂದೇ ಪ್ರಮಾಣದ ಇಳಿಕೆ. ಕಾಣದಿದ್ದರೆ ಚಾರ್ಟನ್ನೇ ಹತ್ತಿರಕ್ಕೆ ತಂದು ಲೆಕ್ಕ ಹಾಕಬಹುದು. ಅದೇ ಕಾಲದಲ್ಲಿ ಫಿನ್ಲೆಂಡಿನ ವೈದ್ಯೆ ಲೀ ಹುವಾರಿನೆನ್ ಅಕ್ಷರ ಬಾರದ ಮಕ್ಕಳಿಗಾಗಿ ಸೇಬು, ಮನೆ, ವೃತ್ತ, ಚೌಕದ ಚಿತ್ರಗಳ ಪರೀಕ್ಷೆ ತಂದರು. ಕಣ್ಣಿಗೆ ಮಸುಕಾದಾಗ ನಾಲ್ಕೂ ಒಂದೇ ಥರ ದುಂಡಗೆ ಕಾಣುವಂತೆ ಅವುಗಳನ್ನು ಬರೆದಿದ್ದಾರೆ. ಹಾಗಾಗಿ ಮಗು ಊಹೆಯಿಂದ ಪಾಸಾಗುವಂತಿಲ್ಲ.

ಕಣ್ಣು ಉಳಿಸುವ ಶಾಲೆಗಳು

‘ಓದಿದರೆ ಕಣ್ಣು ಸವೆಯುತ್ತದೆ’ ಎಂಬುದು ನಮ್ಮ ಅಜ್ಜಿಯ ಮೂಢನಂಬಿಕೆ ಎಂದುಕೊಂಡಿದ್ದೆ. ಅಲ್ಲ. ಅದು ಒಂದು ಕಾಲದ ಹೊಸ ವಿಜ್ಞಾನ.

1867ರಲ್ಲಿ ಹರ್ಮನ್ ಕೋನ್ ಎಂಬ ವೈದ್ಯ ಅಂದು ಪ್ರಷ್ಯಾದ ಭಾಗವಾಗಿದ್ದ ಬ್ರೆಸ್ಲೌ ನಗರದಲ್ಲಿ 10,060 ಶಾಲಾಮಕ್ಕಳ ಕಣ್ಣು ಪರೀಕ್ಷಿಸಿದ ವರದಿ ಪ್ರಕಟಿಸಿದ. ಮೇಲಿನ ತರಗತಿಗೆ ಹೋದಂತೆಲ್ಲ ಸಮೀಪದೃಷ್ಟಿಯ ಮಕ್ಕಳು ಹೆಚ್ಚುತ್ತಾರೆ ಎಂದು ತೋರಿಸಿದ. ಮಂಕು ಬೆಳಕು, ಸಣ್ಣ ಅಕ್ಷರ, ಬಗ್ಗಿ ಓದುವ ಬೆಂಚು ಇವೇ ಕಾರಣ ಎಂದು ಯೂರೋಪು ಗಾಬರಿಬಿದ್ದಿತು. ಇದರ ಫಲವಾಗಿ 1908ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ಲಿನಲ್ಲಿ ತೀವ್ರ ಸಮೀಪದೃಷ್ಟಿಯ ಮಕ್ಕಳಿಗೆಂದೇ ಒಂದು ಶಾಲೆ ಶುರುವಾಯಿತು. ಜೇಮ್ಸ್ ಕೆರ್ ಮತ್ತು ಬಿಷಪ್ ಹಾರ್ಮನ್ ಎಂಬ ವೈದ್ಯರ ಪ್ರಯತ್ನ ಅದು. ಪಾಠವೆಲ್ಲ ಬಾಯಿಮಾತಿನಲ್ಲಿ. ಸಾಮಾನ್ಯ ಪುಸ್ತಕ ಒಳಗೆ ಬರುವಂತಿಲ್ಲ. ಬರೆಯುವುದಿದ್ದರೆ ಕರಿಹಲಗೆಯ ಮೇಲೆ ತೋಳುದ್ದ ದೂರದಿಂದ ದೊಡ್ಡಕ್ಷರದಲ್ಲಿ. ಉಳಿದ ಹೊತ್ತು ಕೈಕೆಲಸ.

1913ರಲ್ಲಿ ಈ ಯೋಚನೆ ಅಮೆರಿಕಕ್ಕೆ ಹೋಯಿತು. ಬಾಸ್ಟನ್ನಿನಲ್ಲಿ ಪರ್ಕಿನ್ಸ್ ಅಂಧ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಆಲೆನ್ ಅವರ ಒತ್ತಾಸೆಯಿಂದ, ಕ್ಲೀವ್‌ಲ್ಯಾಂಡಿನಲ್ಲಿ ರಾಬರ್ಟ್ ಅರ್ವಿನ್ ಅವರಿಂದ ಇಂಥ ತರಗತಿಗಳು ಆರಂಭವಾದವು. ‘ದೃಷ್ಟಿ ಉಳಿತಾಯದ ತರಗತಿ’ ಎಂಬ ಹೆಸರು ಅಲ್ಲಿ ನೆಲೆ ನಿಂತಿತು.

ಈ ತರಗತಿಗಳನ್ನು ಪೂರ್ತಿ ತೆಗಳುವುದು ನ್ಯಾಯವಲ್ಲ. ಅಲ್ಲಿಯವರೆಗೆ ಅರೆಬರೆ ಕಾಣುವ ಮಗುವಿಗೆ ಎರಡೇ ದಾರಿ. ಅಂಧರ ಶಾಲೆಗೆ ಹೋಗಿ ಬ್ರೈಲ್ ಕಲಿಯುವುದು, ಇಲ್ಲವೇ ಸಾಮಾನ್ಯ ಶಾಲೆಯಲ್ಲಿ ದಡ್ಡನೆನಿಸಿಕೊಳ್ಳುವುದು. ನಡುವಿನ ಮಗು ಎಂಬುದೊಂದು ಇದೆ ಎಂದು ಮೊದಲು ಒಪ್ಪಿಕೊಂಡದ್ದು ಈ ತರಗತಿಗಳೇ. ಒಳ್ಳೆಯ ಕಿಟಕಿ, ಓರೆಯಾಗಿ ಎತ್ತಬಹುದಾದ ಮೇಜು, ಮಿರುಗದ ಕಾಗದ, ದಪ್ಪ ಗೆರೆಯ ಪೆನ್ಸಿಲ್ಲು, ದೊಡ್ಡಕ್ಷರದ ಪುಸ್ತಕ ಇವೆಲ್ಲ ಇಂದಿಗೂ ಉಳಿದಿರುವುದು ಅಲ್ಲಿಂದ. ಸ್ವತಃ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡಿದ್ದ ಅರ್ವಿನ್ ದೊಡ್ಡಕ್ಷರದ ಪಠ್ಯಪುಸ್ತಕ ಅಚ್ಚು ಹಾಕಿಸಲು ಬಹಳ ದುಡಿದರು.

ತಪ್ಪು ಇದ್ದದ್ದು ತಳಪಾಯದಲ್ಲಿ. ಬೆಳೆಯುವ ಮಕ್ಕಳಲ್ಲಿ ಹತ್ತಿರದ ಕೆಲಸಕ್ಕೂ ಸಮೀಪದೃಷ್ಟಿಗೂ ಇರುವ ನಂಟನ್ನು ಇಂದಿಗೂ ಸಂಶೋಧಕರು ಅಲ್ಲಗಳೆಯುವುದಿಲ್ಲ. ಆದರೆ ಆ ಒಂದು ರೋಗದ ಮಾತನ್ನು ಎಲ್ಲ ರೋಗಗಳಿಗೂ ಹರಡಿದರು. ರೆಟಿನಾ ಹಾಳಾದವನಿಗೂ ಅದೇ ಪಥ್ಯ, ನರ ಸೊರಗಿದವನಿಗೂ ಅದೇ ಪಥ್ಯ. ಕಣ್ಣು ಎಂದರೆ ಕೊಡದ ನೀರು, ಮೊಗೆದಷ್ಟೂ ಕಡಿಮೆಯಾಗುತ್ತದೆ ಎಂಬ ಕಲ್ಪನೆ ಅದು. ಅಂಧರ ಶಾಲೆಗಳಲ್ಲಂತೂ ಬ್ರೈಲ್ ಚುಕ್ಕೆಗಳನ್ನು ಬೆರಳಿನಿಂದ ಓದದೆ ಕಣ್ಣಿನಿಂದ ನೋಡಿ ಓದುವ ಮಕ್ಕಳ ಕೈಯನ್ನು ಬಟ್ಟೆಯಿಂದ ಮುಚ್ಚುತ್ತಿದ್ದರು. ಉಬ್ಬಿದ ಬಿಳಿ ಚುಕ್ಕೆಯನ್ನು ಬಿಳಿ ಕಾಗದದ ಮೇಲೆ ನೋಡಿ ಓದಬಲ್ಲ ಮಗುವಿಗೆ ಅಷ್ಟು ಕಣ್ಣಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಗೆರೆ ಎಳೆದ ಕಾನೂನು

1934ರಲ್ಲಿ ಅಮೆರಿಕದ ವೈದ್ಯ ಸಂಘ ‘ಅಂಧತ್ವ’ಕ್ಕೆ ಒಂದು ಲೆಕ್ಕ ಕೊಟ್ಟಿತು. ಒಳ್ಳೆಯ ಕಣ್ಣಿನಲ್ಲಿ, ಕನ್ನಡಕ ಹಾಕಿದ ಮೇಲೂ, ನಮ್ಮ ಲೆಕ್ಕದ 6/60ಕ್ಕಿಂತ ಹೆಚ್ಚು ಕಾಣದಿದ್ದರೆ, ಅಥವಾ ನೋಟದ ಹರವು 20 ಡಿಗ್ರಿಗೆ ಕುಗ್ಗಿದ್ದರೆ ಅವರು ಅಂಧರು. ಮುಂದಿನ ವರ್ಷ ಬಂದ ಸಾಮಾಜಿಕ ಭದ್ರತಾ ಕಾನೂನಿನ ನೆರವಿಗೆ ಇದೇ ಅಳತೆಯಾಯಿತು. ಮಾಸಾಶನ ಕೊಡಲು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಸರಿ. ಆದರೆ ಆ ಗೆರೆಯ ಕೆಳಗಿದ್ದವರಲ್ಲಿ ಬಹುಮಂದಿಗೆ ಬಾಗಿಲು ಕಾಣುತ್ತಿತ್ತು, ಬಣ್ಣ ಕಾಣುತ್ತಿತ್ತು, ಹತ್ತಿರ ತಂದರೆ ಅಕ್ಷರವೂ ಕಾಣುತ್ತಿತ್ತು. ಕಾಗದದ ಮೇಲೆ ಮಾತ್ರ ಎಲ್ಲರೂ ಅಂಧರು.

ಎರಡನೆಯ ಮಹಾಯುದ್ಧ ಕಣ್ಣು ಕಳೆದುಕೊಂಡ ಯುವ ಸೈನಿಕರನ್ನು ತಂದು ನಿಲ್ಲಿಸಿತು. ಮೂಲೆಯಲ್ಲಿ ಕೂರಲು ಒಪ್ಪದ ಜನ ಅವರು. ಉದ್ದನೆಯ ಬಿಳಿ ಕೋಲಿನಿಂದ ನಡೆಯುವ ವಿಧಾನವನ್ನು ರಿಚರ್ಡ್ ಹೂವರ್ ರೂಪಿಸಿದ್ದು ಈ ಸೈನಿಕರ ಆಸ್ಪತ್ರೆಯಲ್ಲೇ. ಪುನರ್ವಸತಿ ಎಂಬುದು ದಾನವಲ್ಲ, ತರಬೇತಿ ಎಂಬ ಮಾತು ಆಗ ಗಟ್ಟಿಯಾಯಿತು. ಇತ್ತ ವಿಲಿಯಂ ಫೈನ್‌ಬ್ಲೂಮ್ 1930ರ ದಶಕದಿಂದಲೇ ಕನ್ನಡಕಕ್ಕೆ ಪುಟ್ಟ ದುರ್ಬೀನು ಜೋಡಿಸುವ ಕೆಲಸ ಮಾಡುತ್ತಿದ್ದರು. 1953ರಲ್ಲಿ ನ್ಯೂಯಾರ್ಕಿನ ಲೈಟ್‌ಹೌಸ್ ಸಂಸ್ಥೆಯಲ್ಲೂ ಬ್ರೂಕ್ಲಿನ್ನಿನ ಅಂಧರ ಕೈಗಾರಿಕಾ ಗೃಹದಲ್ಲೂ ಮಂದದೃಷ್ಟಿಯ ಕ್ಲಿನಿಕ್ಕುಗಳು ತೆರೆದವು. ಭೂತಗನ್ನಡಿ, ದುರ್ಬೀನು, ಎತ್ತರದ ಪವರಿನ ಕನ್ನಡಕಗಳನ್ನು ಒಬ್ಬೊಬ್ಬರ ಕಣ್ಣಿಗೂ ಕೆಲಸಕ್ಕೂ ಹೊಂದಿಸಿ ಕೊಡುವ ಕ್ರಮ ಅಲ್ಲಿಂದ ಬೆಳೆಯಿತು. ಕ್ಲಿನಿಕ್ಕಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಬದಲಾಯಿತು. ‘ಏನು ತೊಂದರೆ?’ ಎಂದಲ್ಲ, ‘ನೀವು ಏನು ಮಾಡಬೇಕೆಂದಿದ್ದೀರಿ?’ ಎಂದು.

ಇಪ್ಪತ್ತು ಮಕ್ಕಳು

ತಳಪಾಯದ ನಂಬಿಕೆಯನ್ನು ಅಲುಗಿಸಿದ್ದು ಒಬ್ಬ ಶಿಕ್ಷಕಿ. ನಟಾಲಿ ಬರಾಗ ಅಮೆರಿಕದ ಟೆಕ್ಸಾಸಿನ ಅಂಧ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು, ದೃಷ್ಟಿಯಿಲ್ಲದ ಮಗಳ ತಾಯಿ. ಬ್ರೈಲ್ ಕಲಿಯುತ್ತಿದ್ದ ಎಷ್ಟೋ ಮಕ್ಕಳಿಗೆ ಒಂದಿಷ್ಟು ಕಣ್ಣಿದೆ, ಅದನ್ನು ಯಾರೂ ಬಳಸಲು ಕಲಿಸಿಲ್ಲ ಎಂದು ಅವರಿಗೆ ಅನಿಸಿತು. ಡಾಕ್ಟರೇಟಿಗೆ ಅದನ್ನೇ ಪ್ರಯೋಗ ಮಾಡಿದರು. ಸರಿಸುಮಾರು ಒಂದೇ ರೀತಿಯ ಮಕ್ಕಳ ಹತ್ತು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಮಗುವಿಗೆ ಸುಮಾರು ಎರಡು ತಿಂಗಳು ನೋಡುವ ತರಬೇತಿ, ಇನ್ನೊಂದಕ್ಕೆ ಎಂದಿನ ಪಾಠ. ತರಬೇತಿ ಎಂದರೆ ಬೆಳಕು ನೆರಳು, ಆಕಾರ, ಚಿತ್ರದ ವಿವರ, ಕೊನೆಗೆ ಅಕ್ಷರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ.

1964ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಮಾತಿದ್ದವು. ಚಾರ್ಟಿನ ಮೇಲೆ ಮಕ್ಕಳ ದೃಷ್ಟಿಯ ಅಂಕಿ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಆದರೆ ನೋಡಿ ಗುರುತಿಸುವ, ಬಿಡಿಸಿ ಹೇಳುವ ಸಾಮರ್ಥ್ಯ ತರಬೇತಿ ಪಡೆದವರಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು. ಕಣ್ಣು ಅದೇ, ನೋಟ ಬೇರೆ. ನೋಡುವುದು ಕಣ್ಣು ಒಂದರ ಕೆಲಸವಲ್ಲ, ಮಿದುಳು ಕಲಿಯುವ ವಿದ್ಯೆ. ಬಳಸಿದರೆ ಸವೆಯುವುದಿರಲಿ, ಬಳಸದಿದ್ದರೆ ಆ ವಿದ್ಯೆ ಬರುವುದೇ ಇಲ್ಲ. ಹಾಡುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿವಿ ಎಲ್ಲರಿಗೂ ಇದೆ, ಶ್ರುತಿಜ್ಞಾನ ಸಾಧಕರಿಗೆ ಮಾತ್ರ.

ಇಪ್ಪತ್ತೇ ಮಕ್ಕಳ ಅಧ್ಯಯನ ಅದು, ಚಿಕ್ಕದು. ಆದರೂ ಅದರ ನಂತರ ಅಮೆರಿಕದ ಶಾಲೆಗಳು ‘ದೃಷ್ಟಿ ಉಳಿತಾಯ’ದ ಮಾತು ಬಿಟ್ಟು ‘ದೃಷ್ಟಿ ಬಳಕೆ’ಯ ಮಾತಿಗೆ ಹೊರಳಿದವು.

ದುರ್ಬೀನಿನ ಹುಡುಗ

ನಮ್ಮ ಐಟಿ ಮಂದಿಗೆ ಹತ್ತಿರವಾಗುವ ಅಧ್ಯಾಯ ಇದರ ನಂತರದ್ದು. ಸ್ಯಾಮ್ಯುಯೆಲ್ ಜೆನೆನ್ಸ್ಕಿ 1927ರಲ್ಲಿ ಹುಟ್ಟಿದ. ಎಳೆಗೂಸಿನ ಕಣ್ಣಿಗೆ ಹಾಕಿದ ತಪ್ಪು ಔಷಧದಿಂದ ನೋಟ ಬಹುಪಾಲು ಹೋಯಿತು. ಶಾಲೆಯಲ್ಲಿ ರೇಖಾಗಣಿತದ ಕರಿಹಲಗೆ ಕಾಣದೆ ಒಂದು ಜೋಡಿ ದುರ್ಬೀನು ಹಿಡಿದು ಕೂತ. ಅದೇ ದುರ್ಬೀನಿನ ಬಲದಿಂದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಮಾಡಿ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಗೆ ಸೇರಿದ.

ಕಾಗದದ ಮೇಲೆ ಕ್ಯಾಮೆರಾ ಇಟ್ಟು ಟಿವಿ ಪರದೆಯ ಮೇಲೆ ಅಕ್ಷರ ದೊಡ್ಡದು ಮಾಡುವ ಪ್ರಯತ್ನವನ್ನು ಕೆಲವು ವೈದ್ಯರು 1959ರಲ್ಲೇ ಮಾಡಿದ್ದರು. 1968ರಲ್ಲಿ ಜೆನೆನ್ಸ್ಕಿ ಮತ್ತು ಗೆಳೆಯರು ಅದನ್ನು ದಿನಬಳಕೆಯ ಯಂತ್ರವಾಗಿಸಿ ವರದಿ ಬರೆದರು. ಆ ವರದಿಯ ಸಹಲೇಖಕರಲ್ಲಿ ಒಬ್ಬರು ಪಾಲ್ ಬ್ಯಾರನ್. ಮಾಹಿತಿಯನ್ನು ತುಂಡು ತುಂಡು ಮಾಡಿ ಜಾಲದಲ್ಲಿ ಕಳಿಸುವ ಪ್ಯಾಕೆಟ್ ಸ್ವಿಚಿಂಗ್ ಕಲ್ಪನೆಯ ಜನಕರಲ್ಲೊಬ್ಬರು, ಅಂದರೆ ಇಂಟರ್‌ನೆಟ್ಟಿನ ಪೂರ್ವಜರಲ್ಲೊಬ್ಬರು. ಈ ಯಂತ್ರದ ಮಹತ್ವ ದೊಡ್ಡಕ್ಷರದಲ್ಲಷ್ಟೇ ಇರಲಿಲ್ಲ. ಗುಂಡಿ ತಿರುಗಿಸಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರುತ್ತಿತ್ತು. ಬೆಳಕು ಚುಚ್ಚುವ ಕಣ್ಣಿಗೆ ಅದು ವರ. ಈಗ ನಾವು ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಶೋಕಿಗೆ ಹಾಕಿಕೊಳ್ಳುವ ಡಾರ್ಕ್ ಮೋಡ್, ಅಂಥ ಕಣ್ಣಿನವರಿಗೆ ಓದುವ ದಾರಿಯಾಗಿತ್ತು. ಜೆನೆನ್ಸ್ಕಿ 1978ರಲ್ಲಿ ಅರೆದೃಷ್ಟಿಯವರಿಗೆಂದೇ ಒಂದು ಕೇಂದ್ರ ಸ್ಥಾಪಿಸಿದ. ಅವನ ತಕರಾರು ಒಂದೇ: ನಾನು ಕುರುಡನೂ ಅಲ್ಲ, ಕಣ್ಣಿದ್ದವನೂ ಅಲ್ಲ, ನನ್ನಂಥವರಿಗೆ ಒಂದು ಜಾಗ ಬೇಕು.

ನಮ್ಮ ಕಡೆಯ ಲೆಕ್ಕ

ಈಗ ಕಾಕಾನ ಪ್ರಶ್ನೆಗೆ ಉತ್ತರ ಹೇಳಬಹುದು. ಇತ್ತು. 1973ರ ಹೊತ್ತಿಗೆ ಗಾಜು ಇತ್ತು, ಕ್ಲಿನಿಕ್ ಇತ್ತು, ಬರಾಗ ಅವರ ಪುಸ್ತಕ ಬಂದು ಒಂಬತ್ತು ವರ್ಷವಾಗಿತ್ತು, ಟಿವಿ ಯಂತ್ರವೂ ಬಂದಿತ್ತು. ಪೇಟೆಯ ಡಾಕ್ಟರು ಹೇಳಿದ್ದು ಹೊರಗೆ ಅಷ್ಟರಲ್ಲೇ ಕೈಬಿಟ್ಟಿದ್ದ 1908ರ ಸಿದ್ಧಾಂತವನ್ನು. ಸಿದ್ಧಾಂತ ಹಡಗಿನಲ್ಲಿ ಬಂದು ಇಳಿದಿತ್ತು, ತಿದ್ದುಪಡಿ ಇನ್ನೂ ಬಂದಿರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೆ ವೈದ್ಯರೊಬ್ಬರನ್ನು ಬೈದು ಪ್ರಯೋಜನವಿಲ್ಲ. ಅಂದಿನ ಭಾರತದ ಕಣ್ಣಿನ ಚಿಕಿತ್ಸೆಯ ಮುಂದಿದ್ದದ್ದು ಪೊರೆ. ಲಕ್ಷಾಂತರ ಜನ ಒಂದು ಚಿಕ್ಕ ಆಪರೇಷನ್ ಇಲ್ಲದೆ ಕುರುಡರಾಗಿದ್ದರು. ಬಾಗಲಕೋಟೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಶಿಬಿರ ಹಾಕಿ ಪೊರೆ ತೆಗೆದದ್ದನ್ನು ಉತ್ತರ ಕರ್ನಾಟಕದ ಹಿರಿಯರು ಇನ್ನೂ ನೆನೆಯುತ್ತಾರೆ. ಮಧುರೈಯಲ್ಲಿ ಡಾ. ವೆಂಕಟಸ್ವಾಮಿ 1976ರಲ್ಲಿ ಅರವಿಂದ ಆಸ್ಪತ್ರೆ ತೆರೆದರು. ಅದೇ ವರ್ಷ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಅದರ ಮುಖ್ಯ ಕೆಲಸವೂ ಪೊರೆಯೇ. ಇದರಿಂದ ಆದ ಒಳಿತಿಗೆ ಲೆಕ್ಕವಿಲ್ಲ. ಆದರೆ ಶಿಬಿರ ನಮ್ಮ ಮನಸ್ಸಿಗೆ ಒಂದು ಚಿತ್ರ ಕೊಟ್ಟಿತು. ಪಟ್ಟಿ ಬಿಚ್ಚಿದಾಗ ಕಂಡರೆ ಕಂಡಿತು, ಕಾಣದಿದ್ದರೆ ಹಣೆಬರಹ. ಆಪರೇಷನ್ನಿಗೆ ಒಗ್ಗದ ಕಣ್ಣಿನವರು ಸಾಲಿನಿಂದ ಆಚೆ ಬಂದು ಬಸ್ಸು ಹತ್ತಿದರು. ಅವರಿಗೆ ಹೇಳಲು ಶಿಬಿರದಲ್ಲಿ ಬೇರೆ ಮಾತು ಇರಲಿಲ್ಲ.

ಆ ಬೇರೆ ಮಾತು ಬಂದದ್ದು ನಿಧಾನವಾಗಿ. 1992ರಲ್ಲಿ ಬ್ಯಾಂಕಾಕಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆದ ಸಭೆ ಮಂದದೃಷ್ಟಿಗೆ ಹೊಸ ವ್ಯಾಖ್ಯೆ ಕೊಟ್ಟಿತು. ಅಂಕಿಗಳ ಜೊತೆಗೆ, ಕೆಲಸಕ್ಕೆ ದೃಷ್ಟಿಯನ್ನು ಬಳಸುವವರು ಅಥವಾ ಬಳಸಬಲ್ಲವರು ಎಂಬ ಮಾತನ್ನು ಸೇರಿಸಿತು. ನಮ್ಮ 1995ರ ಅಂಗವಿಕಲರ ಕಾಯ್ದೆ ಅಂಧತ್ವದಿಂದ ಬೇರೆಯಾಗಿ ಮಂದದೃಷ್ಟಿಯನ್ನು ಹೆಸರಿಸಿದ್ದು ಇದೇ ಧಾಟಿಯಲ್ಲಿ, ಸಾಧನದ ನೆರವಿನಿಂದ ದೃಷ್ಟಿ ಬಳಸಬಲ್ಲವರು ಎಂದು. 1999ರ ‘ವಿಷನ್ 2020’ ಯೋಜನೆ ಮಂದದೃಷ್ಟಿಯನ್ನು ಆದ್ಯತೆಗಳ ಪಟ್ಟಿಗೆ ಸೇರಿಸಿತು. ಹೈದರಾಬಾದಿನ ಎಲ್. ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ಮಧುರೈನ ಅರವಿಂದ ಮೊದಲಾದ ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ವಿಭಾಗಗಳು ಬೆಳೆದವು. 2016ರ ಕಾಯ್ದೆ ಅಂಕಿಗಳಲ್ಲಿ ಗೆರೆ ಎಳೆಯಿತು, ಒಳ್ಳೆಯ ಕಣ್ಣಿನಲ್ಲಿ 6/18ಕ್ಕಿಂತ ಕಡಿಮೆ, 3/60ರವರೆಗೆ.

2017ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೂ ಅಂಧತ್ವದ ಗೆರೆಯನ್ನು 6/60ರಿಂದ 3/60ಕ್ಕೆ ಇಳಿಸಿ ಜಗತ್ತಿನ ಲೆಕ್ಕಕ್ಕೆ ಹೊಂದಿಸಿಕೊಂಡಿತು. 4/60 ಕಾಣುವ ವ್ಯಕ್ತಿ ಆವರೆಗೆ ಅಂಧ, ಮಾರನೆಯ ದಿನ ಮಂದದೃಷ್ಟಿಯವನು. ಕಣ್ಣಿನಲ್ಲಿ ಏನೂ ಬದಲಾಗಿಲ್ಲ. ಈ ಬದಲಾವಣೆಯನ್ನು ಅಂಕಿ ಇಳಿಸುವ ಉಪಾಯ ಎಂದು ನೋಡಬಹುದು. ಆದರೆ ಅವನಿಗೆ ಕೆಲಸಕ್ಕೆ ಬರುವಷ್ಟು ಕಣ್ಣಿದೆ ಎಂದು ಸರ್ಕಾರ ಒಪ್ಪಿಕೊಂಡಿತು ಎಂದೂ ನೋಡಬಹುದು. ಒಪ್ಪಿಕೊಂಡ ಮೇಲೆ ಭೂತಗನ್ನಡಿ, ದೀಪ, ತರಬೇತಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗಬೇಕಲ್ಲವೇ? ಅಲ್ಲಿಯೇ ಕೆಲಸ ಬಾಕಿ ಇರುವುದು. ದೊಡ್ಡ ಊರಿನಲ್ಲಿ ಸಿಗುವ ಈ ಸೇವೆ ತಾಲ್ಲೂಕು ಮುಟ್ಟಿಲ್ಲ. ‘ಇನ್ನೇನೂ ಮಾಡಲಾಗದು’ ಎಂಬ ಮಾತನ್ನು ಇಂದಿಗೂ ಎಷ್ಟೋ ಮನೆಯವರು ಆಸ್ಪತ್ರೆಯಿಂದ ಹೊತ್ತು ತರುತ್ತಾರೆ. ಚಿಕಿತ್ಸೆಯ ಮಟ್ಟಿಗೆ ಆ ಮಾತು ನಿಜವಿರಬಹುದು. ಬದುಕಿನ ಮಟ್ಟಿಗೆ ಅದು ಅರ್ಧ ವಾಕ್ಯ.

ಪರದೆ ಮತ್ತು ಕನ್ನಡ ಅಕ್ಷರ

ಜೆನೆನ್ಸ್ಕಿಯ ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ. ವಿಂಡೋಸ್ 98ರಲ್ಲಿ ಮ್ಯಾಗ್ನಿಫೈಯರ್ ಬಂತು. 2009ರ ಐಫೋನಿನಲ್ಲಿ ಪರದೆ ಹಿಗ್ಗಿಸುವ, ಬಣ್ಣ ತಿರುಗಿಸುವ ಸೌಲಭ್ಯ ಬಂತು. ಜಾಲತಾಣಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರಬೇಕೆಂಬ 2008ರ ನಿಯಮ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ 4.5 ಸುಮ್ಮನೆ ಬಂದದ್ದಲ್ಲ. ಸಾಮಾನ್ಯ ಕಣ್ಣಿಗೆ 3 ಸಾಕು, ಸುಮಾರು 6/12 ಕಾಣುವ ಕಣ್ಣಿಗೆ ಅದರ ಒಂದೂವರೆ ಪಟ್ಟು ಬೇಕು ಎಂಬ ಲೆಕ್ಕ. ಇನ್ನೂ ಕಡಿಮೆ ಕಾಣುವವರಿಗೆ 7. ತೆಳುಬೂದು ಅಕ್ಷರ ನೋಡಲು ಚೆಂದ ಎಂದು ಡಿಸೈನರ್ ಹಟ ಹಿಡಿದಾಗ, ಈ ಟಿಕೆಟ್ಟನ್ನು ಕೊನೆಯ ಸ್ಪ್ರಿಂಟಿಗೆ ತಳ್ಳುವಾಗ, ಆ ಅಂಕಿಯ ಹಿಂದೆ ಒಬ್ಬರ ಕಣ್ಣಿದೆ ಎಂದು ನೆನಪಿದ್ದರೆ ಚರ್ಚೆ ಬೇಗ ಮುಗಿಯುತ್ತದೆ. ನಮ್ಮ ತಂಡದಲ್ಲಿ ಮುಗಿದಿದೆ.

ಕನ್ನಡದ ಕಷ್ಟ ಬೇರೆಯೇ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. ‘ಪ’, ‘ಷ’ಗಳ ನಡುವೆ ಒಂದು ಒಳಗೆರೆ. ಒತ್ತಕ್ಷರ ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಇಳಿಯುತ್ತದೆ, ಸಾಲು ಒತ್ತಾಗಿದ್ದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಚಾರ್ಟಿನಲ್ಲಿ ಪಾಸಾದ ಕಣ್ಣು ಕನ್ನಡ ಪತ್ರಿಕೆಯಲ್ಲಿ ಸೋಲುವುದು ಇಲ್ಲಿ. ಕಾಕಾ ಇಂಗ್ಲಿಷ್ ದಪ್ಪಕ್ಷರಕ್ಕಿಂತ ಕನ್ನಡಕ್ಕೆ ಹೆಚ್ಚು ಹಿಗ್ಗಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಅಚ್ಚು ಹಾಕುವವರು ಅಕ್ಷರವನ್ನು ದೊಡ್ಡದು ಮಾಡುವುದರ ಜೊತೆಗೆ ಸಾಲಿನ ನಡುವೆ ಜಾಗ ಬಿಡುವುದನ್ನೂ ಯೋಚಿಸಬೇಕು.

ಈ ಪತ್ರಿಕೆ ಓದುವ ಬಹುತೇಕರ ತಂದೆತಾಯಿ ಊರಿನಲ್ಲಿದ್ದಾರೆ, ಅರವತ್ತು ಎಪ್ಪತ್ತು ದಾಟಿದ್ದಾರೆ. ಫೋನಿನಲ್ಲಿ ‘ಪೇಪರ್ ಓದೋದು ಬಿಟ್ಟೀನಿ, ಕಣ್ಣು ಹೋದ್ವು’ ಎಂದರೆ ವಯಸ್ಸಾಯಿತು ಎಂದು ಬಿಡಬೇಡಿ. ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ. ಪೊರೆಯಾದರೆ, ಕನ್ನಡಕದ ನಂಬರಾದರೆ ಸರಿಹೋಗುತ್ತದೆ. ಸರಿಹೋಗದ್ದು ಎಂದರೆ ಮಂದದೃಷ್ಟಿ ವಿಭಾಗ ಎಲ್ಲಿದೆ ಎಂದು ಅವರನ್ನೇ ಕೇಳಿ, ನೀವಿರುವ ಊರಿನಲ್ಲಿ ಒಂದಿರುವ ಸಾಧ್ಯತೆ ಹೆಚ್ಚು. ಹೋಗುವಾಗ ಅವರು ನಿಜಕ್ಕೂ ಓದಬೇಕೆಂದಿರುವುದನ್ನೇ ತೆಗೆದುಕೊಂಡು ಹೋಗಿ, ಪಂಚಾಂಗವೋ, ಮಾತ್ರೆಯ ಚೀಟಿಯೋ, ಪಾಸ್‌ಬುಕ್ಕೋ. ಅಷ್ಟರವರೆಗೆ ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಹಿಂದಿನಿಂದಲ್ಲ, ಪಕ್ಕದಿಂದ, ಕಾಗದದ ಹತ್ತಿರಕ್ಕೆ ಬರುವ ಒಂದು ದೀಪ. ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊಯ್ದು ಪುಟದ ಮೇಲೆ ಇಟ್ಟರೆ ಮಿರುಗು ಕಡಿಮೆಯಾಗಿ ಸಾಲು ತಪ್ಪುವುದಿಲ್ಲ. ಈ ಉಪಾಯ 19ನೇ ಶತಮಾನದ ಕೊನೆಯಿಂದ ಬಳಕೆಯಲ್ಲಿದೆ, ಖರ್ಚಿಲ್ಲ. ಬಿಳಿ ಲೋಟದಲ್ಲಿ ಹಾಲು ಕೊಡಬೇಡಿ, ಸ್ಟೀಲಿನಲ್ಲೋ ಬಣ್ಣದ್ದರಲ್ಲೋ ಕೊಡಿ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಹೊಡೆಸಿ. ಅವರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ, ಓರೆಯಾಗಿ ನೋಡಿದರೆ, ತಡೆಯಬೇಡಿ.

ಕಾಕಾನಿಗೆ ಈಗ ಅರವತ್ತು ದಾಟಿದೆ. ಗಿರಣಿಯನ್ನು ಮಗ ನೋಡಿಕೊಳ್ಳುತ್ತಾನೆ, ಲೆಕ್ಕದ ಪುಸ್ತಕ ಮಾತ್ರ ಇನ್ನೂ ಕಾಕಾನ ಕೈಯಲ್ಲಿದೆ.